ನೋವಿಲ್ಲದ ದಿನ ಬನ್ನಿ

ತೊಂಬತ್ತರ ದಶಕದ ಕೊನೆ. ಪಿರಿಯಾಪಟ್ಟಣದ ಹತ್ತಿರದ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹೊಗೆಸೊಪ್ಪು ಮುರಿಯಲು ಶುರುವಾದ ವಾರವೇ ನನ್ನ ಎಡದವಡೆಯ ಕೊನೆಯಲ್ಲಿ ಹಲ್ಲೊಂದು ಅಡ್ಡಡ್ಡ ಹುಟ್ಟಿ ಕೆನ್ನೆ ಊದಿಸಿತು.

ನಮ್ಮತ್ತೆಗೆ ಅದೊಂದು ಕಾಯಿಲೆಯೇ ಅಲ್ಲ. ನನ್ನ ತವರು ಸಾಲಿಗ್ರಾಮದ ಕಡೆ. ಅಲ್ಲಿ ಗದ್ದೆ, ಅನ್ನ. ಇಲ್ಲಿ ಮೂರು ಹೊತ್ತೂ ಮುದ್ದೆ.

"ಮುದ್ದೆ ನುಂಗಕ್ಕೆ ಅಲ್ಲು ಯಾಕವ್ವ ಬೇಕು? ನಿಮ್ಮಪ್ಪನ ಮನೇಲಿ ಅನ್ನ ಅಗ್ದು ಅಗ್ದು ಬಂದಿರೋ ರೋಗ ಕಣವ್ವ ಇದು" ಅಂದರು. ಸೊಪ್ಪು ಕಟ್ಟುತ್ತಿದ್ದ ಹೆಂಗಸರೆಲ್ಲ ನಕ್ಕರು. ನಗಲು ಹೋಗಿ ನನಗೆ ಕಿವಿಯವರೆಗೂ ಸಿಡಿಯಿತು.

ನಮ್ಮೆಜಮಾನರು ಹುಣಸೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಹಲ್ಲಿನ ಡಾಕ್ಟರು, ಇದು ಬುದ್ಧಿ ಹಲ್ಲು, ತೆಗೆಸಲೇಬೇಕು, ಆದರೆ ಇವತ್ತಲ್ಲ ಎಂದರು. "ಕೀವು ಇದ್ದಾಗ ಮರಗಟ್ಟಿಸೋ ಇಂಜೆಕ್ಷನ್ ಸರಿಯಾಗಿ ಹಿಡಿಯಲ್ಲಮ್ಮ. ಮಾತ್ರೆ ತಗೊಳ್ಳಿ. ನೋವಿಲ್ಲದ ದಿನ ಬನ್ನಿ."

ನೋವಿಲ್ಲದ ದಿನ ಬಂತು. ಅವತ್ತು ಹೊಲದಿಂದ ಸೊಪ್ಪೂ ಬಂತು. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಅದನ್ನು ಬೇಯಿಸುವ ಮನೆಯಾದ ಬ್ಯಾರನ್ನಿಗೆ ಏರಿಸಿ, ಒಲೆ ಹಚ್ಚಿದರೆ ಅದು ಬೇಯುವ ತನಕ ಬೆಂಕಿ ಬಿಟ್ಟು ಕದಲುವಂತಿಲ್ಲ. ಈ ಬ್ಯಾರನ್ ಇಳಿಯಲಿ, ಹೋಗೋಣ ಎಂದರು ನಮ್ಮೆಜಮಾನರು. ನಾನೂ ಒತ್ತಾಯ ಮಾಡಲಿಲ್ಲ. ನೋಯದ ಹಲ್ಲು ಕೀಳಿಸಿಕೊಳ್ಳಲು ಯಾವ ಬಾಯಿಂದ ಕೇಳುವುದು? ಬ್ಯಾರನ್ ಇಳಿಯುವಷ್ಟರಲ್ಲಿ ಕೆನ್ನೆ ಮತ್ತೆ ಊದಿತ್ತು. ಮತ್ತೆ ಮಾತ್ರೆ. ಊತ ಇಳಿದರೆ ಮತ್ತೆ ಸೊಪ್ಪು.

ಮೂರನೆಯ ಸಲ ಬಾಯಿಯೇ ಬಿಗಿಯಿತು. ಹಲ್ಲುಗಳ ನಡುವೆ ಒಂದು ಬೆರಳೂ ಹೋಗದು. ತೂರಿಸಲು ಹೋದರೆ, ಎಷ್ಟು ತೊಳೆದರೂ ಬಿಡದ ಹೊಗೆಸೊಪ್ಪಿನ ಅಂಟು ನಾಲಿಗೆಗೆ ತಾಗಿ ವಾಂತಿ ಬರುವ ಹಾಗಾಗುತ್ತಿತ್ತು. ಮುದ್ದೆಯನ್ನು ಬಟಾಣಿಯಷ್ಟು ಬಟಾಣಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ, ಬಲಗಡೆಯ ಸಂದಿಯಿಂದ ಒಳಗೆ ತಳ್ಳುತ್ತಿದ್ದೆ. ಅತ್ತೆ ನೋಡುತ್ತಿದ್ದರು, ಈಗ ಏನೂ ಅನ್ನುತ್ತಿರಲಿಲ್ಲ. ಅವರು ಸುಮ್ಮನಾದದ್ದು ನೋಡಿಯೇ ನನಗೆ ಹೆದರಿಕೆ ಹತ್ತಿತು. ಹೀಗೇ ಒಂದು ದಿನ ಬಾಯಿ ಪೂರ್ತಿ ಮುಚ್ಚಿಕೊಂಡರೆ ಏನು ಗತಿ ಎಂದು ಹಿತ್ತಿಲಲ್ಲಿ ನಿಂತು ಕಣ್ಣೀರು ಹಾಕಿದೆ.

ಮಾತ್ರೆ ಮುಗಿದು ನೋವು ತಗ್ಗಿದ ಬೆಳಿಗ್ಗೆ ಗಾಡಿ ತುಂಬ ಸೊಪ್ಪು ಬಂದು ನಿಂತಿತ್ತು. ನಾನು ಸೀರೆ ಬದಲಾಯಿಸಿ ಹೊರಗೆ ಬಂದೆ.

"ಎಲ್ಲಿಗೆ?" ಎಂದರು ನಮ್ಮೆಜಮಾನರು.

"ಹುಣಸೂರಿಗೆ. ನೀವು ಬರದಿದ್ರೆ ಒಬ್ಬಳೇ ಹೋಯ್ತೀನಿ."

ಅತ್ತೆ ಕಟ್ಟುತ್ತಿದ್ದ ಕಡ್ಡಿಯಿಂದ ತಲೆ ಎತ್ತಲಿಲ್ಲ. "ಓಗಿ ಬಾರ್ಲಾ ಅವಳ್ ಜೊತೆ. ಸೊಪ್ಪು ಬಾಡುದ್ರೆ ಬಾಡ್ಲಿ ಬುಡು" ಎಂದರು ಮಗನಿಗೆ.

ಬಸ್ಸಿನ ಕುಲುಕಾಟಕ್ಕೋ ಏನೋ, ಹುಣಸೂರು ಹತ್ತಿರವಾಗುವಾಗ ದವಡೆಯೊಳಗೆ ಮತ್ತೆ ಸಣ್ಣಗೆ ತುಡಿತ ಶುರುವಾಯಿತು. ನಮ್ಮೆಜಮಾನರಿಗೆ ಹೇಳಲಿಲ್ಲ.

ಡಾಕ್ಟರು ವಸಡು ಒತ್ತಿ, ನೋವಿದೆಯಾ ಎಂದು ಕೇಳಿದರು. ಇದೆ ಎಂದರೆ ಮತ್ತೆ ಮಾತ್ರೆ, ಮತ್ತೆ ಸೊಪ್ಪು. ಇಲ್ಲ ಸಾರ್ ಎಂದೆ. ಎರಡು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲು ಹೇಳಿದರು. ಕಣ್ಣಲ್ಲಿ ನೀರು ಇಳಿಯುತ್ತಿದ್ದರೂ ತೆರೆದೆ. ಹೆದರಬೇಡಿ ಎಂದು ಇಂಜೆಕ್ಷನ್ ಕೊಟ್ಟರು.

"ಮರಗಟ್ಟಿತಾ?"

ತುಟಿ ಮರಗಟ್ಟಿತ್ತು. ಹಲ್ಲಿನ ಬುಡ ಹಾಗೇ ಇತ್ತು. ಹೂಂ ಎಂದು ತಲೆಯಾಡಿಸಿ ಕುರ್ಚಿಯ ಕೈ ಹಿಡಿದುಕೊಂಡೆ.

ಹಲ್ಲು ತುಂಡು ತುಂಡಾಗಿ ಬಂತು. ನನ್ನ ಕೂಗು ಹೊರಗಿನ ಬೆಂಚಿನವರೆಗೂ ಕೇಳಿಸಿತಂತೆ. ನಮ್ಮೆಜಮಾನರು ಒಳಗೆ ಬರಲು ಎದ್ದು, ಬಾಗಿಲ ತನಕ ಬಂದು, ಮತ್ತೆ ಹೋಗಿ ಕೂತರಂತೆ.