ತೇಗ ಹಾಕಿದ ಮೇಸ್ತ್ರಿ

ಲಷ್ಕರ್ ಮೊಹಲ್ಲಾದ ಬಡಗಿ ಜ್ಞಾನಪ್ಪನವರಿಗೆ ತೇಗದ ಮೇಲಿದ್ದ ಭಕ್ತಿಯನ್ನು ಅವರ ಹೆಂಡತಿ ಆರೋಗ್ಯಮೇರಿ ಎರಡನೆಯ ಧರ್ಮ ಎಂದು ಕರೆಯುತ್ತಿದ್ದರು. ಮೊದಲನೆಯ ಧರ್ಮಕ್ಕೆ ಭಾನುವಾರ ಮಾತ್ರ, ಇದಕ್ಕೆ ವಾರದ ಉಳಿದ ಆರು ದಿನ. ನಲವತ್ತು ವರ್ಷಗಳಲ್ಲಿ ಚಾಮರಾಜಪುರಂ, ಕೃಷ್ಣಮೂರ್ತಿಪುರಂ ಕಡೆಯ ಎಷ್ಟೋ ಮನೆಗಳಿಗೆ ಅವರು ಬಾಗಿಲು ಕೂರಿಸಿದ್ದರು. ಮಳೆಗಾಲದಲ್ಲೂ ಜ್ಞಾನಪ್ಪನ ಬಾಗಿಲು ಉಬ್ಬಿ ಕಚ್ಚಿಕೊಳ್ಳುವುದಿಲ್ಲ ಎಂದು ಜನ ಹೇಳುತ್ತಿದ್ದರು. ಜನ ಹೇಳಲು ಮರೆತರೆ ಅವರೇ ಹೇಳುತ್ತಿದ್ದರು. ಮುಂಬಾಗಿಲಿಗೆ ತೇಗ ಬೇಡ ಎಂದವರ ಕೆಲಸವನ್ನು ಅವರು ಒಪ್ಪಿಕೊಂಡದ್ದೇ ಇಲ್ಲ.

ಹೋದ ವರ್ಷ ಅಂಬುಜಮ್ಮ ಅವರ ಅಂಗಡಿಗೆ ಬಂದರು. ಊರಾಚೆಯ ಕೆರೆಯಲ್ಲಿ ಜನರನ್ನು ಕೂರಿಸಿಕೊಂಡು ದೋಣಿ ನಡೆಸುವ ಹೆಂಗಸು. ಗಂಡ ತೀರಿಕೊಂಡ ಮೇಲೆ ಅವನ ದೋಣಿಯನ್ನು ತಾವೇ ಹಿಡಿದು ಹದಿನೈದು ವರ್ಷವಾಗಿತ್ತು. ಅವರ ಮನೆಯ ಬಾಗಿಲು ಜ್ಞಾನಪ್ಪನವರ ಕೈಯದೇ.

ದೋಣಿ ಹೊರಗೆಲ್ಲ ಫೈಬರ್. ಒಳಗೆ, ತಳಕ್ಕೆ ಅಂಟಿಸಿದಂತೆ, ಉದ್ದಕ್ಕೂ ಮೂರು ಮರದ ತೊಲೆಗಳು. ತಳ ಬಾಗದ ಹಾಗೆ ಹಿಡಿದಿಡುವುದು ಅವೇ, ಮತ್ತು ಅವು ಕೊಳೆತು ಹೋಗಿದ್ದವು.

“ನಂಗೆ ದೋಣಿ ಗೊತ್ತಿಲ್ಲ ಕಣಮ್ಮ” ಎಂದರು ಜ್ಞಾನಪ್ಪ.

“ಮರ ಗೊತ್ತಲ್ಲ, ಸಾಕು. ಆದ್ರೆ ತೇಗನೇ ಆಗ್ಬೇಕಾ? ಮೊದ್ಲು ಇದ್ದಿದ್ದು ಬೇರೆ ಯಾವ್ದೋ ಮರ.”

“ಅದಕ್ಕೇ ಕೊಳೆತಿದ್ದು. ನಾನು ಮಾಡೋ ಕಡೆ ತೇಗನೇ.”

ತೇಗ ಬಂತು. ರೆಸಿನ್ ಮಾರುವ ಅಂಗಡಿಯವನು ಹೇಳಿಕೊಟ್ಟ ಹಾಗೆ ಅಂಟು ಕಲಸಿ, ಗಾಜಿನ ನಾರಿನ ಬಟ್ಟೆ ಹೊದಿಸಿ, ಜ್ಞಾನಪ್ಪ ತೊಲೆ ಕೂರಿಸಿದರು. ಮನೆಗೆ ಬಾಗಿಲು ನಿಲ್ಲಿಸುವ ದಿನ ಮೇಸ್ತ್ರಿಗೆ ಮಾಡುವ ಮರ್ಯಾದೆಯನ್ನು ಅಂಬುಜಮ್ಮ ದೋಣಿಗೂ ಮಾಡಿದರು. ತೊಲೆಗೆ ಅರಿಸಿನ ಕುಂಕುಮ ಇಟ್ಟು, ತೆಂಗಿನಕಾಯಿ ಒಡೆದು, ಎಲೆ ಅಡಿಕೆಯ ಜೊತೆಗೆ ಅಂಚಿನ ಪಂಚೆ ಕೊಟ್ಟರು. ಆ ಪಂಚೆ ಉಟ್ಟು ಜ್ಞಾನಪ್ಪ ಕ್ರಿಸ್‌ಮಸ್ ಪೂಜೆಗೆ ಹೋದರು, ಕೇಳಿದವರಿಗೂ ಕೇಳದವರಿಗೂ ಪಂಚೆಯ ಕತೆ ಹೇಳಿದರು.

ಎಂಟು ತಿಂಗಳಿಗೆ ಅಂಬುಜಮ್ಮ ಮತ್ತೆ ಬಂದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಮೊಳದುದ್ದದ ಮರದ ತುಂಡು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ಕಿಟಕಿಯ ಮಾತಾಡುತ್ತ ಕೂತಿದ್ದರು. ಅಂಬುಜಮ್ಮ ಅವರನ್ನು ನೋಡಿ, ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಸ್ಟೂಲಿನ ಮೇಲೆ ಸುಮ್ಮನೆ ಕುಳಿತರು. ಗಿರಾಕಿಗಳು ಎದ್ದು ಹೋದ ಮೇಲೆಯೇ ಬಿಚ್ಚಿದ್ದು.

ತೇಗಕ್ಕೆ ಏನೂ ಆಗಿರಲಿಲ್ಲ. ಅದೇ ತೊಂದರೆ. ಅದರ ಮೈಮೇಲೆ ಅಂಟಿನ ಗುರುತೇ ಇರಲಿಲ್ಲ. ಮರದೊಳಗಿನ ಎಣ್ಣೆ ಅಂಟನ್ನು ಹಿಡಿಯಗೊಟ್ಟಿರಲಿಲ್ಲ. ಬಾಗಿಲಿಗೆ ವರವಾದ ಎಣ್ಣೆ ದೋಣಿಗೆ ಶಾಪವಾಗಿತ್ತು.

“ನಡು ಕೆರೇಲಿ ಕಾಲಡಿ ತಳ ಕುಣೀತು” ಎಂದರು ಅಂಬುಜಮ್ಮ. “ಪುಣ್ಯಕ್ಕೆ ನಾನೊಬ್ಳೇ ಇದ್ದೆ. ಜನ ಇರ್ಲಿಲ್ಲ.”

ಜ್ಞಾನಪ್ಪ ಬೈಗುಳಕ್ಕಾಗಿ ಕಾದರು, ಬರಲಿಲ್ಲ. ಕೊನೆಗೆ ತಾವೇ, “ಬೇರೆಯೋರ ಹತ್ರ ಮಾಡಿಸ್ಕೊಳ್ಳಿ ಅಂಬುಜಮ್ಮನೋರೆ. ನನ್ನ ಕೈಲಾಗ್ದು” ಎಂದರು.

“ಬೇರೆಯೋರು ಮೊದ್ಲಿಂದ ತಪ್ಪು ಮಾಡ್ಕೊಂಡು ಬರ್ಬೇಕು. ನೀವು ಅದನ್ನ ಮಾಡಿ ಮುಗ್ಸಿದೀರಿ. ದಸರಾಕ್ಕೆ ಜನ ಬರ್ತಾರೆ, ಅಷ್ಟ್ರೊಳಗೆ ನೀವೇ ಹಾಕಿಕೊಡಿ.”

ಅವರು ಹೋದ ಮೇಲೆ ಜ್ಞಾನಪ್ಪ ಎಷ್ಟೋ ಹೊತ್ತು ಉಳಿ ಮುಟ್ಟಲಿಲ್ಲ. ನಾಲ್ಕು ಜನರ ಮುಂದೆ ಆ ಹೆಂಗಸು ಒಂದು ಮಾತು ಆಡಿದ್ದರೆ ನಲವತ್ತು ವರ್ಷದ ಹೆಸರು ಸಂಜೆಯೊಳಗೆ ಮಣ್ಣುಪಾಲಾಗುತ್ತಿತ್ತು. ಆಡಲಿಲ್ಲವಲ್ಲ ಎಂಬ ಕೃತಜ್ಞತೆಗೆ ಅವರ ಕಣ್ಣು ತುಂಬಿತು. ಮನೆಗೆ ಹೋಗಿ ಅಂಚಿನ ಪಂಚೆಯನ್ನು ಪೆಟ್ಟಿಗೆಯ ತಳಕ್ಕೆ ತುರುಕಿದರು.

ಈ ಸಲ ಹೆಮ್ಮೆಯನ್ನು ಬದಿಗಿಟ್ಟು ಮರ ಆರಿಸಲು ಕುಳಿತರು. ಸಾ ಮಿಲ್ಲಿನಿಂದ ಐದು ಜಾತಿಯ ಚೂರುಗಳನ್ನು ತಂದು, ಒಂದೊಂದನ್ನೂ ಫೈಬರಿನ ತುಂಡಿಗೆ ಅಂಟಿಸಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬಕೆಟ್ಟಿನಲ್ಲಿ ಎರಡು ವಾರ ನೆನೆಹಾಕಿದರು.

“ಇದೇನ್ರೀ, ಮರದ ಉಪ್ಪಿನಕಾಯಾ?” ಎಂದರು ಆರೋಗ್ಯಮೇರಿ. ಆದರೂ ಬಕೆಟ್ಟನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಎರಡು ವಾರದ ಮೇಲೆ ಉಳಿ ಇಟ್ಟು ಒಂದೊಂದನ್ನೇ ಎಬ್ಬಿಸಿದರು. ತೇಗ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸಲೀಸಾಗಿ ಬಂತು. ಎರಡು ಜಾತಿಯವು ನೀರು ಕುಡಿದು ಊದಿಕೊಂಡಿದ್ದವು. ಇನ್ನೊಂದು ಗಟ್ಟಿಯಾಗಿತ್ತು, ಆದರೆ ದೋಣಿಗೆ ವಿಪರೀತ ಭಾರ. ನಂದಿ ಮರದ ಚೂರು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಬಲವಾಗಿ ಹೊಡೆದಾಗ ಮರವೇ ಸೀಳಿತು, ಅಂಟು ಹಾಗೇ ಇತ್ತು. ಜ್ಞಾನಪ್ಪ ಹೆಂಡತಿಯನ್ನು ಕೂಗಿ ಕರೆದು ತೋರಿಸಿದರು.

ಮಿಲ್ಲಿನಲ್ಲಿ ಅರ್ಧ ದಿನ ನಿಂತು ಚೆನ್ನಾಗಿ ಒಣಗಿದ ನಂದಿ ಹಲಗೆಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಗಂಟಿಲ್ಲದ, ಎಳೆ ನೇರವಾಗಿ ಓಡಿದ, ಬಿಳಿ ಭಾಗ ಸೇರದ ಕೆಚ್ಚನ್ನಷ್ಟೇ ಆರಿಸಿದರು. ಕೂರಿಸುವಾಗ ತುದಿಗಳಿಗೂ ಮೊಳೆಯ ತೂತುಗಳಿಗೂ ರೆಸಿನ್ ಕುಡಿಸಿದರು. ನೀರು ನುಗ್ಗುವುದು ಅಲ್ಲಿಂದಲೇ ಎಂದು ಹಳೆಯ ಕೊಳೆತ ತೊಲೆ ನೋಡಿ ಅವರಿಗೆ ಗೊತ್ತಾಗಿತ್ತು.

ದಸರಾಕ್ಕೆ ಹತ್ತು ದಿನ ಇರುವಾಗ ದೋಣಿ ನೀರಿಗಿಳಿಯಿತು. ಜ್ಞಾನಪ್ಪ ಒಳಗೆ ನಿಂತು ಎಲ್ಲಿ ತುಳಿದರೂ ತಳ ಅಲುಗಲಿಲ್ಲ. ಅಂಬುಜಮ್ಮ ಒಂದು ಸುತ್ತು ಹೊಡೆದು ಬಂದರು. ದಡದಲ್ಲಿದ್ದ ಇನ್ನೊಬ್ಬ ದೋಣಿಯವ ಪುಟ್ಟಸ್ವಾಮಿ ನಗುತ್ತ, “ಈ ಸಲನಾದ್ರೂ ಬಂಡೆ ನೋಡ್ಕೊಂಡು ನಡೆಸಕ್ಕ” ಎಂದ.

“ಯಾವ ಬಂಡೆ?” ಎಂದರು ಜ್ಞಾನಪ್ಪ.

“ಓದ್ಸಲ ಬಂಡೆಗೆ ಒಡ್ಸಿ ತಳ ಕಿತ್ತಾಕ್ಕೊಂಡ್ರಲ್ಲ. ಅಕ್ಕನೇ ಏಳಿದ್ದು. ವಯಸ್ಸಾಯ್ತು, ಕೈ ತಪ್ತದೆ ಅಂತ ನಾವೆಲ್ಲ ಆಡ್ಕೊಂಡ್ವು.”

ಅಂಬುಜಮ್ಮ ದೋಣಿಯ ಹಗ್ಗ ಕಟ್ಟುವುದರಲ್ಲಿ ಇಲ್ಲದ ಗಮನ ಇಟ್ಟಿದ್ದರು. ಹದಿನೈದು ವರ್ಷದಲ್ಲಿ ಒಂದು ಕಲ್ಲನ್ನೂ ಸವರದ ಹೆಂಗಸು, ಮೇಸ್ತ್ರಿಯ ಹೆಸರು ಉಳಿಯಲೆಂದು ತಮ್ಮ ಕೈಗೇ ಮಸಿ ಬಳಿದುಕೊಂಡಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಜ್ಞಾನಪ್ಪನವರಿಂದ ಆಗಲಿಲ್ಲ.

“ಬಂಡೆಗೆ ಹೊಡೆದಿಲ್ಲ ಕಣಪ್ಪ” ಎಂದರು. “ಇವರ ಕೈ ತಪ್ಪಿಲ್ಲ. ತಪ್ಪು ನಂದು. ನಾನು ತೇಗ ಹಾಕಿದ್ದೆ, ಅದು ಅಂಟು ಹಿಡೀಲಿಲ್ಲ. ಬೇಡ ಅಂದವ್ರ ಮಾತೂ ಕೇಳಲಿಲ್ಲ.”

“ಯಾಕೆ ಹೇಳಕ್ಕೋದ್ರಿ” ಎಂದು ಅಂಬುಜಮ್ಮ ಮೆಲ್ಲಗೆ ಗದರಿದರು.

ಪುಟ್ಟಸ್ವಾಮಿಯ ಮುಖದಲ್ಲಿ ನಗು ಹೋಗಿತ್ತು. “ಅಕ್ಕಂದು ನೋಡ್ಬುಟ್ಟು ನಾನೂ ತೇಗನೇ ತಂದಿಟ್ಟಿದೀನಿ. ನಾಳಿಕ್ಕೆ ಅಂಟಿಸೋದು. ದಸರಾ ಜನಾನೆಲ್ಲ ಅದರ ಮೇಲೇ ಕೂರಿಸ್ತಿದ್ದೆ.”

ತಮ್ಮ ಬಂಡೆಯ ಸುಳ್ಳು ಎಲ್ಲಿಗೆ ಮುಟ್ಟುತ್ತಿತ್ತೆಂದು ಅಂಬುಜಮ್ಮನಿಗೆ ಹೊಳೆಯಿತು. ಅವರು ಹಗ್ಗ ಕೆಳಗಿಟ್ಟು ಜ್ಞಾನಪ್ಪನವರಿಗೆ ಎರಡೂ ಕೈ ಜೋಡಿಸಿದರು.