ನೆವಿಲ್ ವ್ಯಾನ್ ನಿಲ್ಲಿಸಿದ ಜಾಗ

ನೆವಿಲ್ ಹಾಲ್‌ರಾಯ್ಡ್ ಸಭ್ಯ ಮನುಷ್ಯ. ಬಟ್ಟೆಗೆ ಬಣ್ಣ ಹಾಕುವ ಗಿರಣಿ ಬಾಗಿಲು ಮುಚ್ಚುವವರೆಗೂ ಅಲ್ಲೇ ದುಡಿದ, ಯಾರ ತಂಟೆಗೂ ಹೋಗಲಿಲ್ಲ. ಶುಕ್ರವಾರ ಸಂಜೆ ನನ್ನ ಅಂಗಡಿಗೆ ಬಂದು ತನಗೊಂದು, ಹೆಂಡತಿ ಐಲೀನಳಿಗೊಂದು ಕರಿದ ಮೀನು ಕಟ್ಟಿಸಿಕೊಂಡು ಹೋಗುತ್ತಿದ್ದ. ಅವನು ಸುಳ್ಳು ಹೇಳುತ್ತಿದ್ದದ್ದು ಒಂದೇ ವಿಷಯದಲ್ಲಿ, ಕಲ್ಲಿನ ವಿಷಯದಲ್ಲಿ.

ನಮ್ಮ ಸ್ಟಬ್ಡೆನ್ ಊರಿನ ಮೇಲೆ ಇರುವುದೆಲ್ಲ ಬೋಳುಗುಡ್ಡ. ಮೈಲಿಗಟ್ಟಲೆ ಹೆದರ್ ಎನ್ನುವ ಕುರುಚಲು ಪೊದೆ, ಕಪ್ಪು ಕೆಸರು, ಅಲ್ಲಲ್ಲಿ ಅಂಗೈ ತರಚುವಂಥ ಒರಟು ಮರಳುಗಲ್ಲಿನ ಬಂಡೆಗಳು. ಬಿದ್ದರೆ ಏಟಾಗದಿರಲಿ ಎಂದು ಕೆಳಗೊಂದು ದಪ್ಪ ಹಾಸು ಹಾಕಿಕೊಂಡು, ಹಗ್ಗವಿಲ್ಲದೆ, ಅವನ್ನು ಹತ್ತುವ ಗಂಡಸರ ಗುಂಪೊಂದು ಊರಲ್ಲಿದೆ. ಎರಡಾಳೆತ್ತರದ ಕಲ್ಲು. ಮೇಲೆ ನೋಡುವುದಕ್ಕೇನೂ ಇಲ್ಲ, ಹತ್ತುತ್ತಾರೆ, ಇಳಿಯುತ್ತಾರೆ. ಅದೂ ಚಳಿಗಾಲದಲ್ಲೇ ಆಗಬೇಕು, ಬೇಸಿಗೆಯಲ್ಲಿ ಬೆರಳು ಬೆವೆತು ಜಾರುತ್ತದಂತೆ. ಈ ಹುಚ್ಚಿನ ತಲೆಬುಡ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವರಲ್ಲೊಂದು ಕಟ್ಟಳೆಯಿದೆ. ಯಾರೂ ಹತ್ತದ ಕಲ್ಲನ್ನು ಮೊದಲು ಹತ್ತಿದವನೇ ಅದಕ್ಕೆ ಹೆಸರಿಡಬೇಕು, ಆ ಹೆಸರು ಗುಂಪಿನ ಪುಸ್ತಕದಲ್ಲಿ ಅಚ್ಚಾಗುತ್ತದೆ. ಹಾಗಾಗಿ ಹೊಸ ಕಲ್ಲು ಕಂಡವನು ಹತ್ತಿ ಮುಗಿಸುವ ತನಕ ಬಾಯಿ ಬಿಡುವುದಿಲ್ಲ. ನೆವಿಲ್ ಈ ವಿದ್ಯೆಯಲ್ಲಿ ಎಲ್ಲರ ಗುರು. ವ್ಯಾನನ್ನು ಗುಡ್ಡದ ಈ ಕಡೆ ನಿಲ್ಲಿಸಿ, ಕೆಸರು ತುಳಿದುಕೊಂಡು ಆ ಕಡೆ ಹೋಗುತ್ತಿದ್ದ. ಬೆರಳು ಜಾರದಂತೆ ಕೈಗೆ ಹಚ್ಚಿಕೊಳ್ಳುವ ಬಿಳಿ ಪುಡಿ ಕಲ್ಲಿಗೆ ಅಂಟಿದ್ದರೆ ಅದನ್ನು ಬ್ರಷ್ಷಿನಿಂದ ಉಜ್ಜಿ ಅಳಿಸಿಯೇ ಮನೆಗೆ ಬರುತ್ತಿದ್ದ. ಕೊಳಾಯಿ ರಿಪೇರಿಯ ಸ್ಟುವರ್ಟ್ ಲಮ್ ಒಮ್ಮೆ ಅವನ ಬೆನ್ನು ಹತ್ತಿ ಹೋಗಿ, ಸೊಂಟದ ತನಕ ಕೆಸರಲ್ಲಿ ಹೂತು ವಾಪಸ್ ಬಂದ.

"ಎಲ್ಲಿಗೆ ಹೋಗಿದ್ಯೋ ಸ್ಟುವರ್ಟ್, ಎಮ್ಮೆ ಥರ ಬಂದಿದ್ಯಲ್ಲ?" ಎಂದು ನನ್ನ ಅಂಗಡಿಯಲ್ಲಿ ನೆವಿಲ್ ಏನೂ ಗೊತ್ತಿಲ್ಲದವನಂತೆ ಕೇಳಿದ.

"ನಿನ್ನ ವ್ಯಾನ್ ಹತ್ರಾನೇ ಹುಡುಕ್ತಿದ್ದೆ, ಕಳ್ಳ!"

"ವ್ಯಾನ್ ಎಲ್ಲಿರತ್ತೋ ಅಲ್ಲಿ ನಾನ್ಯಾಕಯ್ಯ ಇರ್ಲಿ?"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಆ ಮಾತು ಊರಿನ ಬಾಯಲ್ಲಿ ಉಳಿದುಬಿಟ್ಟಿತು. ಯಾರಾದರೂ ಕಾಣದಿದ್ದರೆ ಸಾಕು, ನೆವಿಲ್‌ನ ವ್ಯಾನ್ ಹತ್ತಿರ ನೋಡಬೇಡಿ ಎನ್ನುತ್ತಿದ್ದೆವು.

ಅರವತ್ತು ದಾಟಿದ ಮೇಲೆ ಅವನ ಮಂಡಿ ಕೈಕೊಟ್ಟಿತು. ಆ ಜನವರಿಯಲ್ಲಿ ಮಹಡಿ ಹತ್ತಲಾಗದೆ ಕೆಳಗೆ ಸೋಫಾದ ಮೇಲೆ ಮಲಗುತ್ತಿದ್ದ. ಹೊರಗೆ ಒಣ ಚಳಿ ಬಿದ್ದಿತ್ತು, ಕಲ್ಲಿಗೆ ಹೇಳಿಮಾಡಿಸಿದ ಹವೆ. ಒಂದು ಬೆಳಿಗ್ಗೆ ಐಲೀನ್ ಅಂಚೆ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಸೋಫಾದ ಮೇಲೆ ಹೊದಿಕೆ ಮಡಿಸಿಟ್ಟಿತ್ತು, ವ್ಯಾನ್ ಇರಲಿಲ್ಲ. ಕತ್ತಲಾದರೂ ಅವನು ಬರಲಿಲ್ಲ. ಮಂಜು ಇಳಿದಿತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ವ್ಯಾನ್ ಸಿಕ್ಕಿತು. ಗುಡ್ಡದ ರಸ್ತೆಯಲ್ಲಿ, ಕಲ್ಲುಗೋಡೆಯ ಪಕ್ಕ ಗಾಡಿ ನಿಲ್ಲಿಸುವ ಬಯಲಿದೆಯಲ್ಲ, ಅಲ್ಲೇ ನಿಂತಿತ್ತು. ಹುಡುಕುವ ತಂಡ ಪಕ್ಕದ ಪಟ್ಟಣದಿಂದ ಬಂತು. ಅದರ ಮುಖ್ಯಸ್ಥೆ ಹೇಝೆಲ್ ಕ್ರೌದರ್ ನಮಗೆ ಹೊಸಬಳು. ನಾನು ಎಲ್ಲರಿಗೂ ಚಹಾ ಒಯ್ದಿದ್ದೆ.

"ವ್ಯಾನ್ ಸುತ್ತಮುತ್ತ ನೋಡ್ಕೊಂಡು ಆಮೇಲೆ ಮುಂದಕ್ಕೆ ಹೋಗೋಣ," ಎಂದಳು ಹೇಝೆಲ್.

ಸ್ಟುವರ್ಟ್ ತಲೆಯಾಡಿಸಿದ. "ಮೇಡಂ, ನಿಮಗೆ ನೆವಿಲ್ ಗೊತ್ತಿಲ್ಲ. ವ್ಯಾನ್ ಇರೋ ಕಡೆ ಅವನಿರಲ್ಲ. ಹೋದ ತಿಂಗಳಿಂದ ನಾಬ್ ಕಣಿವೆ ಕಡೆ ಏನೋ ಕಣ್ಣಿಟ್ಟಿದ್ದ. ಇಲ್ಲಿ ಹೊತ್ತು ಕಳೆದ್ರೆ ಮತ್ತೆ ಮಂಜು ಬೀಳತ್ತೆ, ಅವನು ಅಲ್ಲಿ ಸಾಯ್ತಾನೆ."

ಕಲ್ಲು ಹತ್ತುವವರೆಲ್ಲ ಹೌದು ಹೌದು ಎಂದರು. ಮೂವತ್ತು ವರ್ಷ ಅವನ ಜೊತೆಗಿದ್ದವರು ಆಣೆ ಮಾಡಿ ಹೇಳುವಾಗ ಹೊಸಬಳು ಏನು ಮಾಡಿಯಾಳು? ಅವಳು ನಕಾಶೆಯನ್ನು ಮತ್ತೆ ನೋಡಿದಳು.

ಆಗ ಐಲೀನ್ ಮುಂದೆ ಬಂದಳು. "ಅವನಿಗೆ ಮನೆ ಮೆಟ್ಲು ಹತ್ತಕ್ಕೇ ಆಗ್ತಿರ್ಲಿಲ್ಲ ಸ್ಟುವರ್ಟ್. ಗುಡ್ಡ ದಾಟಿ ನಾಬ್ ಕಣಿವೆಗೆ ಹೇಗೆ ಹೋಗ್ತಾನೆ? ಇಲ್ಲೇ ನೋಡಿ."

"ಮನೇಲಿ ನೋಯೋ ಮಂಡಿ ಕಲ್ಲು ಕಂಡ್ರೆ ನೋಯಲ್ಲ ಕಣಮ್ಮ. ನನ್ನ ಹೆಂಡ್ತೀನ ಬೇಕಾದ್ರೆ ಕೇಳು."

ಯಾರೋ ನಕ್ಕರು. ಅಂಥ ಹೊತ್ತಿನಲ್ಲೂ ನಕ್ಕರು. ಹೇಝೆಲ್ ನಕಾಶೆ ಮಡಿಸಿದಳು. ತಂಡದವರು, ಕಲ್ಲು ಹತ್ತುವವರು ಎಲ್ಲ ಗುಡ್ಡ ಹತ್ತಿ ಆ ಕಡೆ ಇಳಿದುಹೋದರು. ನಾನು ಲೋಟಗಳನ್ನು ಬುಟ್ಟಿಗೆ ತುಂಬಿಕೊಂಡು ಅವಳನ್ನು ಮನೆಗೆ ಕರೆತಂದೆ. ಆ ದಿನವಿಡೀ ನಾಬ್ ಕಣಿವೆಯ ಕಲ್ಲುಕಲ್ಲನ್ನೂ ಜಾಲಾಡಿ, ಸಂಜೆ ಬರಿಗೈಯಲ್ಲಿ ಬಂದರು. ಮಾರನೆಯ ದಿನ ಮತ್ತೆ ಅಲ್ಲಿಗೇ ಹೊರಟರು.

ಆ ಬೆಳಿಗ್ಗೆ ಐಲೀನ್ ವ್ಯಾನಿನ ಇನ್ನೊಂದು ಬೀಗದ ಕೈ ಹಿಡಿದು ನನ್ನ ಬಾಗಿಲಿಗೆ ಬಂದಳು. "ನನ್ನ ಅಲ್ಲಿಗೆ ಬಿಡು. ವ್ಯಾನಾದ್ರೂ ಮನೆಗೆ ತರ್ತೀನಿ."

ಅಲ್ಲಿಗೆ ಹೋದ ಮೇಲೆ, ವ್ಯಾನಿನ ಬಾಗಿಲು ತೆಗೆದವಳು ಒಳಗೆ ಕೂರಲಿಲ್ಲ. ಗೋಡೆಯ ಹತ್ತಿರ ಹೋಗಿ, ಕಷ್ಟಪಟ್ಟು ಹತ್ತಿ, ಆಚೆ ಇಳಿದಳು. ನಾನು ಅವಳ ಹಿಂದೆಯೇ ಹೋದೆ. ಗೋಡೆಯಾಚೆ ಒಣಗಿದ ಜರಿಗಿಡಗಳ ಇಳಿಜಾರು, ಅದರ ಬುಡದಲ್ಲೊಂದು ತಗ್ಗು. ರಸ್ತೆಯಲ್ಲಿ ನಿಂತವರಿಗೆ ಆ ತಗ್ಗು ಕಾಣುವುದಿಲ್ಲ. ಅಲ್ಲೊಂದು ಕಲ್ಲಿತ್ತು. ನಾವೆಲ್ಲ ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ಓಡಾಡಿದ್ದೆವು. ಕುಂಟುವ ಕಾಲಿಗೆ ದೂರ ನಡೆಯಲಾಗದೆ, ಅವನು ಹತ್ತಿರದಲ್ಲೇ ಹುಡುಕಿ ಅದನ್ನು ಕಂಡುಕೊಂಡಿದ್ದ.

ನೆವಿಲ್ ಹಾಸಿನ ಪಕ್ಕದಲ್ಲಿ ಬಿದ್ದಿದ್ದ. ಸೊಂಟ ಮುರಿದಿತ್ತು. ಹಾಸನ್ನು ಮೈಮೇಲೆ ಎಳೆದುಕೊಳ್ಳಲು ನೋಡಿದ್ದ, ಅರ್ಧ ಮಾತ್ರ ಬಂದಿತ್ತು. ಅವನ ಕೋಟಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಐಲೀನ್ ಅಲ್ಲೇ ಕೂತು ಅವನ ಎರಡೂ ಕೈಗಳನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. ಬಿಸಿ ಮಾಡುವವಳಂತೆ ತಿಕ್ಕುತ್ತಲೇ ಇದ್ದಳು, ನಾನು ಸಾಕು ಎನ್ನಲಿಲ್ಲ.

ಮೊದಲ ರಾತ್ರಿ ಕಳೆದು ಬಹುಶಃ ಮರುದಿನ ಮಧ್ಯಾಹ್ನದವರೆಗೂ ಜೀವವಿತ್ತು ಎಂದರು ಡಾಕ್ಟರು. ಅಂದರೆ ನಾವು ಗೋಡೆಗೆ ಒರಗಿ ಚಹಾ ಕುಡಿದಾಗ ಅವನು ಬದುಕಿದ್ದ. ಆ ನಗು ಅವನಿಗೆ ಕೇಳಿಸಿತೇ? ಅವನು ಕೂಗಿದ್ದು ಗಾಳಿಯಲ್ಲಿ ನಮಗೆ ಕೇಳಿಸದೆ ಹೋಯಿತೇ? ಐಲೀನ್ ಡಾಕ್ಟರನ್ನು ಅದನ್ನೇ ಕೇಳಿದಳು. ಅವರು ಅವಳ ಭುಜ ಮುಟ್ಟಿದರು. ನನಗೆ ಆ ಗಂಡಸರ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ವಸಂತದಲ್ಲಿ ಸ್ಟುವರ್ಟ್ ಅವಳ ಅಡುಗೆಮನೆಗೆ ಬಂದ. ಸೊರಗಿಹೋಗಿದ್ದ. ನಾನೂ ಅಲ್ಲೇ ಇದ್ದೆ. ಟೋಪಿಯನ್ನು ಕೈಯಲ್ಲಿ ಹಿಚುಕುತ್ತಾ ಹೇಳಿದ, "ಐಲೀನ್, ಕಲ್ಲಿನ ತುತ್ತತುದಿಯಲ್ಲಿ ಅವನ ಕೈಯ ಬಿಳಿ ಗುರುತಿತ್ತು. ಹತ್ತಿದಾನೆ. ಇಳಿಯೋವಾಗ ಬಿದ್ದಿರೋದು. ಹೊಸ ಪುಸ್ತಕ ಅಚ್ಚಿಗೆ ಹೋಗ್ತಿದೆ. ಹೆಸರು ನೀನೇ ಇಡ್ಬೇಕು."

ಅವಳು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೆಸರು ಬೇಡ. ಎಲ್ಲಿದೆ ಅಂತ ಹಾಕಿ."

"ಅದನ್ನೂ ಹಾಕ್ತೀವಿ ಕಣಮ್ಮ, ಆದ್ರೆ..."

"ಪೆನ್ ತಗೋ. ನನ್ನ ಮುಂದೇನೇ ಬರಿ."

ಅವನು ಜೇಬು ತಡಕಿ ಪೆನ್ನು ತೆಗೆದ. ಐಲೀನ್ ಚಾಕು ಕೆಳಗಿಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ವ್ಯಾನ್ ನಿಲ್ಲಿಸೋ ಜಾಗ. ಗೋಡೆ ಆಚೆ, ಕೆಳಗೆ. ಅಲ್ಲಿಂದ ಕೂಗಿದ್ರೆ ರಸ್ತೆಗೆ ಕೇಳ್ಸತ್ತೆ."