ಕೇಳಿದರೆ ಮಾತ್ರ ಹೇಳುವ ದೋಷ

ಯಲಹಂಕದ ಬಸ್ ನಿಲ್ದಾಣದ ಬಳಿ ಕಡಲೆಕಾಯಿ ಹುರಿಯುವ ವಾಸನೆ ಬಂದರೆ ಬೇರೆಯವರ ಬಾಯಲ್ಲಿ ನೀರೂರುತ್ತದೆ; ನನಗೆ ಅಂಗೈ ಬೆವರುತ್ತದೆ. ಕಾರಣ ಹೇಳುತ್ತೇನೆ, ಸ್ವಲ್ಪ ದೂರ ಜೊತೆಗೆ ನಡೆಯಿರಿ.

ಎಂಬತ್ತರ ದಶಕದ ಶುರುವಿನಲ್ಲಿ ನಾನು ಯಶವಂತಪುರದಲ್ಲಿ ಹಳೆ ಸ್ಕೂಟರುಗಳನ್ನು ಕೊಂಡು ಮಾರುತ್ತಿದ್ದೆ. ಹೊಸ ಗಾಡಿಗೆ ಹೆಸರು ಬರೆಸಿ ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಹಾಗಾಗಿ ನಾನೂ ಒಬ್ಬ ದೊಡ್ಡ ಮನುಷ್ಯ. ಓದಿದ್ದು ಏಳನೇ ಕ್ಲಾಸು. ಉಳಿದದ್ದನ್ನು ವ್ಯಾಪಾರ ಕಲಿಸಿತು. ಅದರ ಮೊದಲ ಪಾಠ: ಗಾಡಿಯ ದೋಷವನ್ನು ಕೇಳಿದರೆ ಮಾತ್ರ ಹೇಳು.

ಮಗಳು ಗೌರಿಗೆ ಆಗ ಮೂರೂವರೆ ವರ್ಷ. ಮಾತಿಲ್ಲ, ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಸ್ಕೂಟರ್ ಚಕ್ರ ತಿರುಗಿಸಿ ಬಿಟ್ಟರೆ ನಿಲ್ಲುವವರೆಗೂ ನೋಡುವಳು. ಆಸ್ಪತ್ರೆಯ ಡಾಕ್ಟರು ಆಟಿಸಂ ಎಂದರು. ಮಾತ್ರೆಯ ಹೆಸರಿರಬೇಕೆಂದು ನಾನು, ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. ಅವರು ನಗಲಿಲ್ಲ. "ಐದು ತುಂಬೋದ್ರೊಳಗೆ ಎಷ್ಟು ಕಲಿಸ್ತೀರೋ ಅಷ್ಟು ಒಳ್ಳೇದು. ತಡ ಮಾಡ್ಬೇಡಿ" ಎಂದರು. ಅಂದಿನಿಂದ ಕ್ಯಾಲೆಂಡರಿನ ಹಾಳೆ ಹರಿಯಲು ನನಗೆ ಭಯ.

ಕಲಿಸುವ ಜಾಗ ಸಿಕ್ಕಿದ್ದು ಎರಡೇ. ಆರ್.ಟಿ. ನಗರದಲ್ಲಿ ಒಬ್ಬ ಮೇಷ್ಟ್ರು ಮಗುವನ್ನು ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಮುಖ ನೋಡಿದರೆ ಹುರಿದ ಕಡಲೆಬೀಜದ ಚೂರು, ಕೈ ತಟ್ಟಿದರೆ ಇನ್ನೊಂದು ಚೂರು ಕೊಡುತ್ತಿದ್ದರು. ಅಪ್ಪ ಅಮ್ಮ ಹೊರಗೆ. ಹೆಬ್ಬಾಳದಲ್ಲಿ ಸರೋಜಮ್ಮ ಟೀಚರು ಚಾಪೆ ಹಾಸಿ, ಮಗು ಯಾವುದನ್ನು ನೋಡುತ್ತದೋ ಅದರಲ್ಲೇ ಆಟ ಕಟ್ಟುತ್ತಿದ್ದರು. ಅಮ್ಮನೂ ಚಾಪೆಯ ಮೇಲೆ.

ಎರಡು ಗಾಡಿ ಪಕ್ಕಪಕ್ಕ ನಿಲ್ಲಿಸಿ ನೋಡುವವನಂತೆ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಬಿಟ್ಟು ನೋಡಿದೆ. ಮೇಷ್ಟ್ರ ಹತ್ತಿರ ಗೌರಿ ಮುಖ ನೋಡಲು ಕಲಿತಳು, ನಿಜ. ಆದರೆ ಬೀಜವಿಲ್ಲದ ಮುಖವನ್ನು ನೋಡುತ್ತಿರಲಿಲ್ಲ, ನನ್ನದೂ ಸೇರಿ. ಹುರಿದ ಬೀಜ ಮುಷ್ಟಿಯಲ್ಲಿ ಹಿಡಿದು ಅವಳೆದುರು ಕೂತರೆ ನನ್ನ ಅಂಗೈ ಬೆವರುತ್ತಿತ್ತು. ಟೀಚರ ಹತ್ತಿರ ಹೋದ ಮೇಲೆ ಒಂದು ಸಂಜೆ ಮನೆಯಲ್ಲಿ ನನ್ನ ಬೆರಳು ಹಿಡಿದು ಬಾಗಿಲ ಕಡೆ ಎಳೆದಳು. ಅದು ಕಲಿಕೆಯೋ ಅಲ್ಲವೋ ನನಗೆ ತಿಳಿಯಲಿಲ್ಲ.

ಸೇರಿಸುವಾಗ ಟೀಚರು, "ಮನೇಲಿ ಹೇಗಿರ್ತಾಳೆ?" ಎಂದು ಕೇಳಿದ್ದರು.

"ಬಂಗಾರದಂಥ ಮಗು ಕಣ್ರೀ, ಕೂತ ಕಡೆ ಕೂತಿರ್ತಾಳೆ" ಎಂದಿದ್ದೆ.

ನೀರು ಕಂಡರೆ ಗೌರಿ ಸೀದಾ ನಡೆದುಬಿಡುತ್ತಿದ್ದಳು. ಹೇಳಿದರೆ ಸೇರಿಸಿಕೊಳ್ಳುವುದಿಲ್ಲವೆಂದು ನನ್ನ ಹೆದರಿಕೆ. ಹೊರಗೆ ಬಂದ ಮೇಲೆ ಹೆಂಡತಿ ಲಲಿತ, "ಮಗೂನೂ ಮಾರಕ್ಕೆ ನಿಂತ್ರಾ?" ಎಂದಳು.

"ನೀರಿನ ವಿಷ್ಯ ಅವರು ಕೇಳ್ಲಿಲ್ವಲ್ಲ" ಎಂದೆ.

ಆ ತಿಂಗಳಲ್ಲೇ ಒಂದು ಬೆಳಿಗ್ಗೆ ಲಲಿತಳಿಗೆ ಜ್ವರ. ಮಗುವನ್ನು ನಾನೇ ಟೀಚರ ಹತ್ತಿರ ಬಿಟ್ಟು ಗಿರಾಕಿ ನೋಡಲು ಹೋದೆ. ಮಧ್ಯಾಹ್ನ ಬಂದರೆ ಗೇಟು ತೆರೆದಿದೆ, ಟೀಚರು ಬರಿಗಾಲಲ್ಲಿ ಬೀದಿಯಲ್ಲಿದ್ದಾರೆ. "ಈಗ ಇಲ್ಲೇ ಇದ್ಲು. ಅಂಗಡಿ ಸಾಲೆಲ್ಲ ಹುಡುಕ್ದೆ..."

ನಾನು ಹೆಬ್ಬಾಳದ ಕೆರೆ ಕಡೆ ಓಡಿದೆ. ಕೂಗಿ ಪ್ರಯೋಜನವಿಲ್ಲವೆಂದು ಗೊತ್ತಿತ್ತು. ಆದರೂ ದಾರಿಯುದ್ದಕ್ಕೂ ಕೂಗಿದೆ.

ಎಮ್ಮೆ ತೊಳೆಯುತ್ತಿದ್ದ ಮುದುಕಿಯೊಬ್ಬಳು ಅವಳನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದಳು. ಗೌರಿ ಎದೆಯವರೆಗೆ ಒದ್ದೆ. "ಕೂಗುದ್ರೆ ತಿರುಗಲ್ಲ, ನಿಲ್ಲಲ್ಲ. ಇಂಗೆ ಬಿಟ್ಬುಡ್ತಾರಾ ಕೂಸ್ನ? ಇಂಥದ್ದು ಅಂತ ಯಾರ್ಗಾದ್ರೂ ಯೋಳ್ಬಾರ್ದಾ?"

ನಾನು ಬಾಯಿ ತೆರೆಯುವ ಮೊದಲೇ, ಹಿಂದೆಯೇ ಓಡಿ ಬಂದಿದ್ದ ಟೀಚರು, "ತಪ್ಪು ನಂದು. ಗೇಟಿನ ಚಿಲಕ ಮಕ್ಕಳ ಕೈಗೆ ಎಟುಕುತ್ತೆ, ನಾನು ನೋಡ್ಕೊಂಡಿರ್ಲಿಲ್ಲ" ಎಂದರು. ನನ್ನ ವ್ಯಾಪಾರದಲ್ಲಿ ಅಂಥ ಮಾತು ಕೇಳಿಯೇ ಇರಲಿಲ್ಲ. ಆಗ ನಾನೂ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಮೊದಲೇ ಹೇಳಿದ್ರೆ ನೀರಿಂದಾನೇ ಪಾಠ ಶುರು ಮಾಡ್ತಿದ್ದೆ" ಎಂದರು. ಗೌರಿಯನ್ನು ಅಲ್ಲೇ ಉಳಿಸಿದೆ. ವರ್ಷದ ಮೇಲೆ ಬಕೆಟ್ಟಿನ ಮುಂದೆ ಕೂತು ನೀರಿಗೆ 'ನೀ' ಎಂದಳು.

ಈಗಲೂ ನಾವಿರುವ ಅಟ್ಟೂರಿನ ಕಡೆಯ, ಇಂಥ ಮಕ್ಕಳ ಎಳೆಯ ಅಪ್ಪ ಅಮ್ಮಂದಿರು ಬಂದು ಯಾವ ಸೆಂಟರು ಒಳ್ಳೆಯದು ಎಂದು ಕೇಳುತ್ತಾರೆ. "ನಿಮ್ಮಲ್ಲಿ ಯಾವ ಮಗುವಾದರೂ ತಪ್ಪಿಸಿಕೊಂಡಿತ್ತಾ?" ಎಂದು ಮೊದಲು ಕೇಳಿ, ಎನ್ನುತ್ತೇನೆ. ಇಲ್ಲವೇ ಇಲ್ಲ ಎನ್ನುವವರಿಗಿಂತ, ಹೌದು ಎಂದು ಹೊಸ ಚಿಲಕ ತೋರಿಸುವವರು ವಾಸಿ.

ಗೌರಿಗೆ ನಲವತ್ತು ದಾಟಿದೆ. ನಾನು ಮತ್ತೆ ಎರಡು ಜಾಗ ನೋಡುತ್ತಿದ್ದೇನೆ, ಈ ಸಲ ನಾನಿಲ್ಲದ ದಿನಗಳಲ್ಲಿ ಅವಳಿರುವುದಕ್ಕೆ. ಅವರು ಏನೂ ಕೇಳುವ ಮೊದಲೇ, ನೀರಿನಿಂದ ಶುರುಮಾಡಿ ಅವಳದೆಲ್ಲವನ್ನೂ ನಾಲ್ಕು ಪುಟ ಬರೆದದ್ದನ್ನು ಮುಂದಿಡುತ್ತೇನೆ. ಓದಿ ಮುಗಿಸುವವರೆಗೆ ಅವರ ಮುಖ ನೋಡುವ ಧೈರ್ಯ ನನಗಿಲ್ಲ.